ಕಿರಣಕ್ಕೆ ಅಡ್ಡ ನಿಂತ ಮದ್ದು

ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಹುಮನಾಬಾದು ಇನ್ನೂ ಮುಂದಿರುವಾಗ, ಮನ್ನಾಏಖೇಳ್ಳಿ ಸಿಗುತ್ತದೆ. ಬೀದರ ಜಿಲ್ಲೆಯ ಈ ಭಾಗದವರಿಗೆ ದೊಡ್ಡ ಕಾಯಿಲೆ ಎಂದರೆ ದೊಡ್ಡ ಊರಿನ ದಾರಿ; ಮೂಡಲಿಗೆ ಹೈದರಾಬಾದು, ಪಡುವಲಿಗೆ ಸೊಲ್ಲಾಪುರ, ತೆಂಕಲಿಗೆ ಕಲಬುರಗಿ. ಬಾಯಿಯದೋ ಗಂಟಲಿನದೋ ಅರ್ಬುದ ರೋಗಕ್ಕೆ ಚಿಕಿತ್ಸೆ ಪಡೆದು ಬಸ್ಸಿನಿಂದಿಳಿದವನನ್ನು ಕಂಡರೆ ಹಳ್ಳಿಯ ಮಂದಿ "ಕರೆಂಟ್ ಕೊಟ್ಟಾರ" ಎಂದು ತಮ್ಮಲ್ಲೇ ಆಡಿಕೊಳ್ಳುತ್ತಾರೆ. ಅದು ವಿದ್ಯುತ್ತಲ್ಲ. ಕಣ್ಣಿಗೆ ಕಾಣದ, ಮೈಗೆ ಬಿಸಿಯಾಗಿಯೂ ತಾಗದ ವಿಕಿರಣ.

ಆರೇಳು ವಾರಗಳ ಕಾಲ, ವಾರಕ್ಕೆ ಐದು ದಿನದಂತೆ, ಮೂವತ್ತು ಮೂವತ್ತೈದು ಸಲ ಯಂತ್ರದ ಕೆಳಗೆ ಮಲಗಿ ಎದ್ದು ಬಂದವನ ಗಡ್ಡೆ ಕರಗಿತೆಂದರೆ ಮನೆಯವರು ದೇವರಿಗೆ ಕೈ ಮುಗಿಯುತ್ತಾರೆ. ಊಟಕ್ಕೆ ಕುಳಿತಾಗ ಹೊಸ ಸಂಕಟ ತಲೆಯೆತ್ತುತ್ತದೆ. ಜೋಳದ ರೊಟ್ಟಿಯ ತುಣುಕು ಬಾಯಲ್ಲಿ ಒಣಹಿಟ್ಟಾಗಿ ಅಂಗುಳಿಗೆ ಅಂಟುತ್ತದೆ. "ಬಾಯಾಗ ನೀರೇ ಇಲ್ಲವ್ವಾ, ತುತ್ತು ಹ್ಯಾಂಗ ಇಳೀಬೇಕು?" ಎಂದು ಮಾವ ಕೇಳಿದರೆ, ಸೊಸೆ ಉತ್ತರ ಕಾಣದೆ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಹಾಕುತ್ತಾಳೆ. ಗಡ್ಡೆಯನ್ನು ಸುಡಹೋದ ಕಿರಣ, ದಾರಿಯಲ್ಲಿದ್ದ ಜೊಲ್ಲಿನ ಗ್ರಂಥಿಗಳನ್ನೂ ಸುಟ್ಟುಬಂದಿದೆ. ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಎಡಬಲಕ್ಕೆ ಒಂದೊಂದಿರುವ ಆ ಗ್ರಂಥಿಗಳು ಮಾಡಿದ ತಪ್ಪೇನೂ ಇಲ್ಲ. ಅವು ರೋಗದ ನೆರೆಮನೆಯಲ್ಲಿದ್ದವು, ಅಷ್ಟೆ.

ಅಂಗಳದ ತುಳಸಿಯ ಕಡೆಗೆ ಯಾರಾದರೊಬ್ಬ ಹಿರಿಯರ ಕೈ ಹೋಗುವುದು ಇಂಥ ಹೊತ್ತಿನಲ್ಲೇ. ಕಷಾಯ ಮಾಡಿ ಕೊಟ್ಟರೆ ಹೇಗೆ? ಈ ಪ್ರಶ್ನೆಯನ್ನು ಹಳ್ಳಿಯ ಅಜ್ಞಾನವೆಂದು ನಕ್ಕು ಬಿಡುವಂತಿಲ್ಲ. ಕಿರಣದ ಹಾನಿಯನ್ನು ತಡೆಯಬಲ್ಲ ಮದ್ದು ಉಂಟೇ ಎಂಬುದು ಎಪ್ಪತ್ತು ವರ್ಷಗಳಿಗೂ ಮೀರಿ ಪ್ರಯೋಗಶಾಲೆಗಳನ್ನು ಕಾಡಿದ ಪ್ರಶ್ನೆ. ಅದರ ಒಂದು ಅಧ್ಯಾಯ, ತುಳಸಿಯ ಎಲೆಯದೇ ಅಧ್ಯಾಯ, ಬರೆಯಲ್ಪಟ್ಟುದು ನಮ್ಮ ಮಣಿಪಾಲದಲ್ಲಿ. ಆದರೆ ಅಲ್ಲಿಗೆ ಹೋಗುವ ಮೊದಲು ಕಿರಣ ಮಾಡುವ ಹಾನಿ ಎಂಥದೆಂದು ತಿಳಿಯುವುದು ಅಗತ್ಯ.

ವಿಜ್ಞಾನಿಗಳು ಮೈಗೆ ತಗುಲಿದ ವಿಕಿರಣವನ್ನು 'ಗ್ರೇ' ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕಿಲೋಗ್ರಾಂ ದೇಹ ಒಂದು ಜೌಲ್ ಶಕ್ತಿಯನ್ನು ಹೀರಿದರೆ ಅದು ೧ ಗ್ರೇ. ಇಡೀ ಮೈಗೆ ಒಮ್ಮೆಲೇ ಸುಮಾರು ೪ ಗ್ರೇ ತಗುಲಿ, ಚಿಕಿತ್ಸೆ ಯಾವುದೂ ದೊರೆಯದೆ ಹೋದರೆ, ಅಂಥವರಲ್ಲಿ ಅರ್ಧದಷ್ಟು ಮಂದಿ ಒಂದೆರಡು ತಿಂಗಳಲ್ಲಿ ಸಾಯುವರು. ಎಪ್ಪತ್ತು ಕಿಲೋ ತೂಗುವ ಆಳಿನ ಲೆಕ್ಕದಲ್ಲಿ ಆ ಶಕ್ತಿಯೆಲ್ಲ ಸೇರಿ ಕೇವಲ ೨೮೦ ಜೌಲ್. ಬಿಸಿ ಕಾಫಿಯ ಒಂದು ಸಣ್ಣ ಗುಟುಕು ಮೈಗೆ ಕೊಡುವ ಶಾಖವೂ ಅಷ್ಟೇ! ಅದರಿಂದ ಮೈಯ ಬಿಸಿ ಏರುವುದು ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲು. ಕಾಫಿ ಕುಡಿದವನು ಹುರುಪಿನಿಂದ ಎದ್ದು ಹೋಗುತ್ತಾನೆ. ಅಷ್ಟೇ ಶಕ್ತಿಯ ಗಾಮಾ ಕಿರಣ ತಗುಲಿದವನು ಏಳುವುದಿಲ್ಲ.

ಈ ವ್ಯತ್ಯಾಸದ ಗುಟ್ಟು ಶಕ್ತಿಯ ಮೊತ್ತದಲ್ಲಿಲ್ಲ, ಅದು ಬಂದು ಬೀಳುವ ಬಗೆಯಲ್ಲಿದೆ. ಕಾಫಿಯ ಶಾಖ ಮೈಯೆಲ್ಲ ಹರಡಿ ತೆಳುವಾಗುತ್ತದೆ. ಕಿರಣದ ಶಕ್ತಿಯಾದರೋ ಸೂಜಿಯ ಮೊನೆಗಿಂತ ಸಾವಿರಾರು ಪಾಲು ಚಿಕ್ಕ ಜಾಗಗಳಲ್ಲಿ ಗುಂಡು ಹೊಡೆದಂತೆ ಬೀಳುತ್ತದೆ. ಜೀವಕೋಶದ ಬಹುಪಾಲು ನೀರು. ಗುಂಡು ನೀರಿನ ಅಣುವಿಗೆ ತಗುಲಿದಾಗ ಅದು ಒಡೆದು, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಒಂದು ಚೂರು ಹುಟ್ಟುತ್ತದೆ. ಇದರಂಥ ಪುಂಡ ಮತ್ತೊಂದಿಲ್ಲ. ಇದರ ಆಯುಸ್ಸು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನ ಎಣಿಕೆಯದು. ಆ ಅಲ್ಪಾವಧಿಯಲ್ಲೇ ಎದುರಿಗೆ ಸಿಕ್ಕ ಅಣುವಿನಿಂದ ಏನನ್ನಾದರೂ ಕಿತ್ತುಕೊಳ್ಳದೆ ಬಿಡದು. ಸಿಕ್ಕಿದ್ದು ಜೀವಕೋಶದ ವಂಶವಾಹಿ ಎಳೆಯಾಗಿದ್ದರೆ, ಅಂದರೆ ಡಿ.ಎನ್.ಎ. ಆಗಿದ್ದರೆ, ಎಳೆ ತುಂಡಾಗುತ್ತದೆ. ಹತ್ತಿರದಲ್ಲಿ ಆಮ್ಲಜನಕವಿದ್ದರೆ ಅದು ತುಂಡಾದ ತುದಿಗೆ ಅಂಟಿಕೊಂಡು ಗಾಯವನ್ನು ಶಾಶ್ವತ ಮಾಡುತ್ತದೆ. ಉಸಿರಿಗೆ ಆಧಾರವಾದ ಆಮ್ಲಜನಕವೇ ಇಲ್ಲಿ ಶತ್ರುವಿನ ಪಕ್ಷ ಸೇರುತ್ತದೆಂಬುದು ವಿಧಿಯ ಚೋದ್ಯವೆನ್ನಬೇಕು.

ಎಳೆ ತುಂಡಾದ ಕೋಶ ಕೂಡಲೇ ಸಾಯುವುದಿಲ್ಲ. ಮುಂದೆ ಒಡೆದು ಎರಡಾಗಬೇಕಾದ ಘಳಿಗೆಯಲ್ಲಿ ಸಾಯುತ್ತದೆ. ಸದಾ ಒಡೆದು ಹೊಸದಾಗುತ್ತಿರುವ ಅಂಗಾಂಶಗಳೇ ಕಿರಣಕ್ಕೆ ಮೊದಲು ಸೋಲುವುವೆಂದು ಫ್ರಾನ್ಸಿನ ಬೆರ್ಗೊನಿಯೆ ಮತ್ತು ತ್ರಿಬೊಂದೊ ಎಂಬಿಬ್ಬರು ೧೯೦೬ರಷ್ಟು ಹಿಂದೆಯೇ ಹೇಳಿದ್ದರು. ರಕ್ತವನ್ನು ಹುಟ್ಟಿಸುವ ಎಲುಬಿನ ಮಜ್ಜೆ, ಕರುಳಿನ ಒಳಪದರ, ಕೂದಲಿನ ಬೇರು ಇವೆಲ್ಲ ಆ ಸಾಲಿನವು. ಗಡ್ಡೆಯೂ ಅಂಥದೇ ಆದುದರಿಂದಲೇ ಕಿರಣ ಚಿಕಿತ್ಸೆಯಾಯಿತು. ಜೊಲ್ಲಿನ ಗ್ರಂಥಿ ಮಾತ್ರ ಈ ನಿಯಮಕ್ಕೆ ಅಪವಾದ. ಅದರ ಕೋಶಗಳು ನಿಧಾನವಾಗಿ ಒಡೆಯುವಂಥವು, ಆದರೂ ಕಿರಣವನ್ನು ತಾಳಲಾರವು.

ಇಷ್ಟು ತಿಳಿದ ಮೇಲೆ ಮದ್ದಿನ ಮಾತು. ೧೯೪೯ರಲ್ಲಿ ಅಮೆರಿಕದ ಷಿಕಾಗೋ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿ ಹಾರ್ವೆ ಪ್ಯಾಟ್ ಮತ್ತು ಸಂಗಡಿಗರು ಬಿಳಿಯಿಲಿಗಳಿಗೆ ಸಿಸ್ಟೀನ್ ಎಂಬ ವಸ್ತುವನ್ನು ಚುಚ್ಚಿ, ಬಳಿಕ ಮಾರಕ ಪ್ರಮಾಣದ ಕ್ಷ-ಕಿರಣವನ್ನು ಹಾಯಿಸಿದರು. ಸಿಸ್ಟೀನ್ ಅಪರೂಪದ ವಸ್ತುವಲ್ಲ. ನಾವು ತಿನ್ನುವ ಸಸಾರಜನಕ ಆಹಾರದಲ್ಲಿ ಇರುವ, ಗಂಧಕವುಳ್ಳ ಒಂದು ಅಮೈನೋ ಆಮ್ಲ. ಸಿಸ್ಟೀನ್ ಇಲ್ಲದ ಇಲಿಗಳು ಬಹುಪಾಲು ಸತ್ತುವು, ಅದನ್ನು ಪಡೆದವುಗಳಲ್ಲಿ ಬಹುಪಾಲು ಬದುಕಿದುವು. ಕಿರಣಕ್ಕೆ ತಡೆಯೆಂದರೆ ಸೀಸದ ಗೋಡೆಯೊಂದೇ ಎಂದು ನಂಬಿದ್ದ ಕಾಲದಲ್ಲಿ, ರಕ್ತದಲ್ಲಿ ಕರಗುವ ಗೋಡೆಯೊಂದು ಸಿಕ್ಕಿತು.

ಪ್ಯಾಟ್ ಕಂಡ ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಅದೇ ಸಿಸ್ಟೀನನ್ನು ಕಿರಣ ತಗುಲಿದ ಮೇಲೆ ಕೊಟ್ಟರೆ ಏನೂ ಉಪಯೋಗವಾಗಲಿಲ್ಲ. ಕಾರಣವನ್ನು ಓದುಗರು ಆಗಲೇ ಊಹಿಸಿರಬಹುದು. ಗಂಧಕಕ್ಕೆ ಜೋಡಿಯಾಗಿರುವ ಒಂದು ಜಲಜನಕದ ಪರಮಾಣುವನ್ನು ಸಿಸ್ಟೀನ್ ಸುಲಭವಾಗಿ ಬಿಟ್ಟುಕೊಡುತ್ತದೆ. ಪುಂಡ ಚೂರು ಬಂದಾಗ ಅದನ್ನು ಅದರ ಕೈಗೆ ಕೊಟ್ಟು ಸಮಾಧಾನಪಡಿಸುತ್ತದೆ. ಇಲ್ಲವೇ ಗಾಯಗೊಂಡ ಡಿ.ಎನ್.ಎ.ಗೆ, ಆಮ್ಲಜನಕ ಬಂದು ಅಂಟುವ ಮುನ್ನ, ಕಳೆದುಹೋದ ಜಲಜನಕವನ್ನು ತುಂಬಿಕೊಡುತ್ತದೆ. ಈ ಪಂದ್ಯ ಮುಗಿಯುವುದು ಕಣ್ಣೆವೆ ಮುಚ್ಚುವುದಕ್ಕಿಂತ ಎಷ್ಟೋ ಪಾಲು ಬೇಗ. ಕಳ್ಳ ಬಂದು ಹೋದ ಮೇಲೆ ಹಾಕಿದ ಅಗುಳಿಯಂತೆ ತಡವಾದ ಮದ್ದು ವ್ಯರ್ಥ.

ದೋಷವೂ ಕೂಡಲೇ ಗೋಚರಿಸಿತು. ಇಲಿಯನ್ನು ಉಳಿಸಲು ಬೇಕಾದ ಸಿಸ್ಟೀನ್, ಕಿಲೋ ತೂಕಕ್ಕೆ ಗ್ರಾಮಿನ ಸಮೀಪಕ್ಕೆ ಹೋಗುವಷ್ಟು. ಅದೇ ಅಳತೆಯನ್ನು ಮನುಷ್ಯನಿಗೆ ಹಿಡಿದರೆ ಬೊಗಸೆಗಟ್ಟಲೆ ಪುಡಿಯನ್ನು ರಕ್ತನಾಳಕ್ಕೆ ಹಾಯಿಸಬೇಕು. ೧೯೫೧ರ ಸುಮಾರಿಗೆ ಬೆಲ್ಜಿಯಮ್ಮಿನ ಝೆನೋ ಬಾಕ್ ಎಂಬವರು ಸಿಸ್ಟೀನಿನ ಸೋದರನಂತಿರುವ ಸಿಸ್ಟಿಯಮೀನ್ ಕಡಮೆ ಪ್ರಮಾಣದಲ್ಲೇ ಕೆಲಸ ಮಾಡುವುದನ್ನು ತೋರಿಸಿದರು. ಆದರೆ ಅದಕ್ಕೂ ತನ್ನದೇ ಆದ ನಂಜಿತ್ತು.

ಅಷ್ಟರಲ್ಲಿ ಅಣ್ವಸ್ತ್ರದ ಭೀತಿ ಲೋಕವನ್ನು ಆವರಿಸಿತ್ತು. ಯುದ್ಧಭೂಮಿಗೆ ಹೋಗುವ ಸೈನಿಕನ ಜೇಬಿನಲ್ಲಿ ಒಂದು ಗುಳಿಗೆ ಇಡುವಂತಾದರೆ! ಈ ಆಸೆಯಿಂದ ಅಮೆರಿಕದ ಸೇನೆಯ ವಾಲ್ಟರ್ ರೀಡ್ ಸಂಶೋಧನಾಲಯ ೧೯೫೯ರಿಂದ ತೊಡಗಿ ೪೦೦೦ಕ್ಕೂ ಹೆಚ್ಚು ವಸ್ತುಗಳನ್ನು ತಯಾರಿಸಿ ಪ್ರಾಣಿಗಳ ಮೇಲೆ ಪರೀಕ್ಷಿಸಿತು. ಆ ರಾಶಿಯಲ್ಲಿ ಗೆದ್ದು ಬಂದುದು ಡಬ್ಲ್ಯು.ಆರ್. ೨೭೨೧. ಈಗಿನ ಹೆಸರು ಅಮಿಫಾಸ್ಟಿನ್. ಇಂಥ ಮದ್ದಿನ ಬಲವನ್ನು ಅಳೆಯುವ ರೀತಿ ಸರಳ: ಮದ್ದಿಲ್ಲದ ಸುಂಡಿಲಿಗಳಲ್ಲಿ ಅರ್ಧ ಸಾಯಲು ಎಷ್ಟು ಕಿರಣ ಬೇಕು, ಮದ್ದು ಪಡೆದವುಗಳಲ್ಲಿ ಅರ್ಧ ಸಾಯಲು ಎಷ್ಟು ಬೇಕು, ಎರಡನೆಯದನ್ನು ಮೊದಲನೆಯದರಿಂದ ಭಾಗಿಸುವುದು. ಅಮಿಫಾಸ್ಟಿನ್ನಿಗೆ ಈ ಅಂಕ ೨.೭ರವರೆಗೂ ಹೋಯಿತು. ಬರೀ ಲೆಕ್ಕದಂತೆ ಕಾಣುವ ಆ ಅಂಕದ ಹಿಂದೆ ಸತ್ತ ಜೀವಗಳ ಎಣಿಕೆಯಿದೆ ಎಂಬುದನ್ನು ಪ್ರಾಣಿದಯೆಯುಳ್ಳವರು ಮರೆಯಲಾರರು, ಮರೆಯಬೇಕಾಗಿಯೂ ಇಲ್ಲ.

ಸೈನಿಕನ ಗುಳಿಗೆಯಾಗುವ ಭಾಗ್ಯ ಅದಕ್ಕೆ ಬರಲಿಲ್ಲ. ಅದನ್ನು ರಕ್ತನಾಳಕ್ಕೇ ಕೊಡಬೇಕು. ಕೊಟ್ಟರೆ ವಾಂತಿ, ರಕ್ತದೊತ್ತಡ ಇಳಿದು ತಲೆಸುತ್ತು. ಓಡಬೇಕಾದ ಸೈನಿಕ ಮಲಗಿಬಿಟ್ಟರೆ ಪ್ರಯೋಜನವೇನು? ಸೇನೆಗೆ ಒಲಿಯದ ಮದ್ದಿಗೆ ಆಸ್ಪತ್ರೆಯಲ್ಲಿ ಎಡೆ ಸಿಕ್ಕಿತು. ೧೯೬೯ರಲ್ಲಿ ಜಾನ್ ಯುಹಾಸ್ ಮತ್ತು ಜಾನ್ ಸ್ಟೋರರ್ ಗಡ್ಡೆಯುಳ್ಳ ಪ್ರಾಣಿಗಳಿಗೆ ಇದನ್ನು ಕೊಟ್ಟು ನೋಡಿ, ಆರೋಗ್ಯದ ಅಂಗಾಂಶಗಳನ್ನು ಇದು ಕಾಯುವಷ್ಟು ಗಡ್ಡೆಯನ್ನು ಕಾಯುವುದಿಲ್ಲವೆಂದು ಪ್ರಕಟಿಸಿದರು. ಇದಕ್ಕೆ ಕಾರಣ ಹೀಗೆ: ಅಮಿಫಾಸ್ಟಿನ್ ಬೀಗ ಹಾಕಿದ ಪೆಟ್ಟಿಗೆಯಿದ್ದಂತೆ. ಗಂಧಕದ ತುದಿಗೆ ಒಂದು ಫಾಸ್ಫೇಟಿನ ಮುಚ್ಚಳವಿದೆ. ಅದನ್ನು ತೆರೆಯುವ ಕಿಣ್ವ ಆರೋಗ್ಯದ ಅಂಗಾಂಶದ ರಕ್ತನಾಳಗಳ ಬಳಿ ಧಾರಾಳವಾಗಿದೆ, ಗಡ್ಡೆಯಲ್ಲಿ ವಿರಳ. ಗಡ್ಡೆಯೊಳಗೆ ರಕ್ತಸಂಚಾರವೂ ಅಷ್ಟಕ್ಕಷ್ಟೆ. ಆದುದರಿಂದ ಪೆಟ್ಟಿಗೆ ಸ್ವಜನರ ಮನೆಯಲ್ಲಿ ತೆರೆಯುತ್ತದೆ, ಶತ್ರುವಿನ ಮನೆಯಲ್ಲಿ ಮುಚ್ಚಿಯೇ ಇರುತ್ತದೆ. ಈ ವಿವೇಕವಿಲ್ಲದ ಮದ್ದು ಎಷ್ಟೇ ಬಲಿಷ್ಠವಾದರೂ ಅರ್ಬುದ ರೋಗಿಗೆ ಉಪಕಾರವಲ್ಲ, ಅಪಕಾರ.

ಅಮೆರಿಕದಲ್ಲಿ ೧೯೯೫ರಲ್ಲಿ ಬೇರೊಂದು ಬಳಕೆಗೆ, ಅರ್ಬುದದ ಒಂದು ಔಷಧಿಯಿಂದ ಮೂತ್ರಪಿಂಡವನ್ನು ಕಾಯಲು, ಅಮಿಫಾಸ್ಟಿನ್ನಿಗೆ ಅನುಮತಿ ದೊರೆಯಿತು. ೧೯೯೯ರಲ್ಲಿ ಬಾಯಿ ಒಣಗುವುದನ್ನು ತಡೆಯಲು. ತಲೆ ಮತ್ತು ಕತ್ತಿನ ಅರ್ಬುದಕ್ಕೆ ಕಿರಣ ಪಡೆದ ಮುನ್ನೂರಕ್ಕೂ ಹೆಚ್ಚು ರೋಗಿಗಳ ಪರೀಕ್ಷೆಯೊಂದು ೨೦೦೦ದಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಕಾಲದಲ್ಲಿ ಬಾಯಿ ಚೆನ್ನಾಗಿಯೇ ಒಣಗಿದವರು, ಮದ್ದಿಲ್ಲದವರಲ್ಲಿ ನೂರಕ್ಕೆ ೭೮ ಮಂದಿ, ಮದ್ದು ಪಡೆದವರಲ್ಲಿ ೫೧. ಬಹುಕಾಲ ಉಳಿದ ಒಣಗುವಿಕೆ ನೂರಕ್ಕೆ ೫೭ರಿಂದ ೩೪ಕ್ಕೆ ಇಳಿಯಿತು. ಬಾಯಿಯ ಹುಣ್ಣು ಮಾತ್ರ ಕಡಮೆಯಾಗಲಿಲ್ಲ. ಪ್ರತಿದಿನ ಕಿರಣಕ್ಕೆ ಕಾಲು ಅರ್ಧ ಗಂಟೆ ಮೊದಲು ಸೂಜಿ, ಅದರ ಹಿಂದೆಯೇ ವಾಂತಿ, ಮೇಲೆ ಬೆಲೆ. ಎಲ್ಲರೂ ತಾಳಿಕೊಳ್ಳಬಹುದಾದ ಮದ್ದಲ್ಲ.

ಮಣಿಪಾಲದ ಕೆಲಸ ಆರಂಭವಾಗುವುದು ಇಲ್ಲಿ, ಮದ್ದಿನ ನಂಜೇ ಅದರ ಗುಣವನ್ನು ತಿನ್ನುತ್ತಿರುವಾಗ. ೧೯೫೩ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿಕಿರಣ ಜೀವವಿಜ್ಞಾನ ವಿಭಾಗದಲ್ಲಿ ಡಾ. ಪಿ. ಉಮಾದೇವಿಯವರು ಅಷ್ಟು ಹೊತ್ತಿಗೆ ಗಂಧಕದ ಮದ್ದುಗಳ ಮೇಲೆ ಪಳಗಿದ್ದರು. ನಂಜು ಕಡಮೆಯಿರುವ ಕಾವಲುಗಾರನನ್ನು ಅವರು ಕಾರ್ಖಾನೆಯಲ್ಲಿ ಹುಡುಕದೆ ಅಂಗಳದಲ್ಲಿ ಹುಡುಕಿದರು. ಎ. ಗಣಸೌಂದರಿಯವರೊಡನೆ ತುಳಸಿಯ ಎಲೆಯ ಸಾರವನ್ನು ಸುಂಡಿಲಿಗಳಿಗೆ ಕೊಟ್ಟು ಮಾಡಿದ ಪ್ರಯೋಗ ೧೯೯೫ರಲ್ಲಿ ಪ್ರಕಟವಾಯಿತು. ಕಿರಣಕ್ಕೆ ಮೊದಲು ದಿನಕ್ಕೊಂದರಂತೆ ಹೊಟ್ಟೆಗೆ ಚುಚ್ಚಿದ ಸಾರ ಇಲಿಗಳನ್ನು ಸಾವಿನಿಂದ ಗಣನೀಯವಾಗಿ ಕಾಯಿತು, ಮಜ್ಜೆಯ ವರ್ಣತಂತುಗಳು ಮುರಿಯುವುದನ್ನೂ ತಗ್ಗಿಸಿತು. ನೀರಿನಲ್ಲಿ ತೆಗೆದ ಸಾರ ಮದ್ಯಸಾರದಲ್ಲಿ ತೆಗೆದುದಕ್ಕಿಂತ ಮೇಲೆನಿಸಿತು.

ಸಾರ ಎಂದರೆ ನೂರೆಂಟು ವಸ್ತುಗಳ ಸಂತೆ. ಕಾಯುವವರು ಯಾರೆಂದು ಬೇರ್ಪಡಿಸಿ ನೋಡಿದಾಗ ಓರಿಯೆಂಟಿನ್, ವೈಸೆನಿನ್ ಎಂಬ ಎರಡು ಫ್ಲೇವನಾಯ್ಡುಗಳು ಸಿಕ್ಕಿದುವು. ಇವುಗಳಲ್ಲಿ ಗಂಧಕವಿಲ್ಲ. ೧೯೯೯ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸುಂಡಿಲಿಗಳಿಗೆ ಕೊಟ್ಟ ಕಿರಣ ೧೧ ಗ್ರೇ. ಮದ್ದಿಲ್ಲದ ಇಲಿ ತಿಂಗಳು ಕಾಣುವ ಆಸೆಯಿಲ್ಲದಷ್ಟು. ಅರ್ಧ ಗಂಟೆ ಮುಂಚೆ ಚುಚ್ಚಿದ ಫ್ಲೇವನಾಯ್ಡು, ಕಿಲೋ ತೂಕಕ್ಕೆ ಬರೀ ೫೦ ಮೈಕ್ರೋಗ್ರಾಂ. ರಕ್ಷಣೆಯ ಅಂಕ ೧.೩ರ ಆಸುಪಾಸಿನಲ್ಲಿ ನಿಂತಿತು. ಅಮಿಫಾಸ್ಟಿನ್ನಿನ ೨.೭ರ ಮುಂದೆ ಇದು ಅಲ್ಪವೆಂದು ತೋರುವುದು ಸಹಜ. ಆದರೆ ಪ್ರಮಾಣವನ್ನು ನೋಡಬೇಕು: ಅಮಿಫಾಸ್ಟಿನ್ನನ್ನು ಸುಂಡಿಲಿಗೆ ಕೊಡುವುದು ಕಿಲೋಗೆ ನೂರಾರು ಮಿಲಿಗ್ರಾಂ, ಎಂದರೆ ಸಾವಿರಾರು ಪಟ್ಟು ಹೆಚ್ಚು, ಅದು ನಂಜಿನ ಅಂಚಿನಲ್ಲೇ ನಡೆಯುವ ಕೆಲಸ.

ಇದಕ್ಕೂ ಒಂದು ವರ್ಷ ಮುಂಚೆ, ೧೯೯೮ರಲ್ಲಿ, ಅದೇ ಗುಂಪು ಎರಡನ್ನೂ ಸೇರಿಸಿ ನೋಡಿತ್ತು. ತುಳಸಿಯ ಸಾರವನ್ನು ಮೊದಲು ಕೊಟ್ಟು, ಬಳಿಕ ಅಮಿಫಾಸ್ಟಿನ್ ಕೊಟ್ಟು ಕಿರಣಕ್ಕೊಡ್ಡಿದ ಇಲಿಗಳ ಮಜ್ಜೆಯಲ್ಲಿ, ಒಂದೊಂದೇ ಮದ್ದು ಪಡೆದವುಗಳಿಗಿಂತ ವರ್ಣತಂತುವಿನ ಮುರಿತ ಕಡಮೆ. ಅಮಿಫಾಸ್ಟಿನ್ನಿನ ನಂಜೂ ತಗ್ಗಿತ್ತು. ಈ ಎಲ್ಲ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ ಎಂದು ತೋರುತ್ತದೆ. ತುಳಸಿ ಒಂಟಿಯಾಗಿ ಗೆಲ್ಲುವುದಕ್ಕಿಂತ, ಒರಟು ಗೆಳೆಯನೊಬ್ಬನನ್ನು ಹದಕ್ಕೆ ತರುವುದರಲ್ಲಿ ಅದರ ಹಿರಿಮೆಯಿರಬಹುದು. ಅದೇ ವಿಭಾಗದ ಗಣೇಶ ಚಂದ್ರ ಜಗೇಟಿಯಾ ಅವರು ಮುಂದೆ ಬಿಲ್ವ, ಶುಂಠಿ, ಪುದೀನ, ನೇರಳೆ ಮುಂತಾದುವನ್ನು ಇಂಥದೇ ಪರೀಕ್ಷೆಗೆ ಒಡ್ಡಿದರು. ಅಡಿಗೆಮನೆ ಪೂಜೆಯ ಮನೆಗಳೆರಡೂ ಪ್ರಯೋಗಶಾಲೆಗೆ ಬಂದಂತಾಯಿತು.

ಹಾಗಾದರೆ ಕಷಾಯ ಕೊಡಬಹುದೆ? ಅವಸರ ಬೇಡ. ಇಲಿಗಳಿಗೆ ತುಳಸಿಯನ್ನು ಕುಡಿಸಲಿಲ್ಲ, ಅಳೆದ ಸಾರವನ್ನು ಹೊಟ್ಟೆಗೆ ಚುಚ್ಚಿದರು. ಕಿರಣದ ಘಳಿಗೆಯನ್ನು ಲೆಕ್ಕವಿಟ್ಟು ಚುಚ್ಚಿದರು. ಕುಡಿದ ಕಷಾಯದಲ್ಲಿ ಎಷ್ಟು ಓರಿಯೆಂಟಿನ್ ಇದೆ, ಜಠರ ಯಕೃತ್ತುಗಳನ್ನು ದಾಟಿ ಅದರಲ್ಲಿ ಎಷ್ಟು ಜೊಲ್ಲಿನ ಗ್ರಂಥಿ ತಲುಪೀತು? ಸುಂಡಿಲಿಯ ಬದುಕು ಎರಡು ವರ್ಷದ್ದು, ಅದರ ಮೈಯ ವೇಗವೇ ಬೇರೆ. ಇಲಿಯಲ್ಲಿ ಗೆದ್ದು ಮನುಷ್ಯನಲ್ಲಿ ಸೋತ ಮದ್ದುಗಳಿಗೆ ಲೆಕ್ಕವಿಲ್ಲ.

ಮನುಷ್ಯನ ಮೇಲೇ ನೋಡಿಬಿಡೋಣ ಎನ್ನುವಂತೆಯೂ ಇಲ್ಲ. ಮದ್ದಿನ ಬಲ ತಿಳಿಯಲೆಂದು ಯಾರ ಮೈಗೂ ಮಾರಕ ಕಿರಣ ಹಾಯಿಸುವುದು ಸಾಧ್ಯವೆ? ಈ ಧರ್ಮಸಂಕಟದಿಂದಲೇ ಅಮೆರಿಕದಲ್ಲಿ ೨೦೦೨ರಲ್ಲಿ ಹೊಸ ನಿಯಮ ಬಂತು: ಇಂಥ ಮದ್ದುಗಳ ಮಟ್ಟಿಗೆ ಪ್ರಾಣಿಗಳ ಪರೀಕ್ಷೆಯನ್ನೇ ಸಾಕ್ಷಿಯೆಂದು ಒಪ್ಪಬಹುದು. ಬಿಳಿ ರಕ್ತಕಣಗಳನ್ನು ಹೆಚ್ಚಿಸುವ ಫಿಲ್‌ಗ್ರಾಸ್ಟಿಮ್ ೨೦೧೫ರಲ್ಲಿ ಹೀಗೆಯೇ ಅನುಮತಿ ಪಡೆಯಿತು. ಕಿರಣ ತಗುಲಿದ ಮರುದಿನದಿಂದ ಅದನ್ನು ಪಡೆದ ಕೋತಿಗಳಲ್ಲಿ ನೂರಕ್ಕೆ ೭೯ ಅರುವತ್ತು ದಿನ ದಾಟಿದ್ದುವು, ಪಡೆಯದವುಗಳಲ್ಲಿ ೪೧. ಇದು ಕಿರಣಕ್ಕೆ ಅಡ್ಡ ನಿಲ್ಲುವ ಮದ್ದಲ್ಲ. ಪಂದ್ಯ ಸೋತ ಮೇಲೆ ಮಜ್ಜೆಯಲ್ಲಿ ಉಳಿದ ಕೋಶಗಳನ್ನು ಎಬ್ಬಿಸಿ ಮನೆ ಕಟ್ಟಿಸುವ ಮದ್ದು.

ಮನ್ನಾಏಖೇಳ್ಳಿಯ ಮನೆಯಲ್ಲಿ ಕೇಳಬೇಕಾದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಕಷಾಯವೋ ಮಾತ್ರೆಯೋ ನಿಜವಾಗಿ ಕಾಯುವಂಥದಾದರೆ, ಅದು ಯಾರನ್ನು ಕಾಯುತ್ತದೆ? ಕೆನಡಾದ ಕ್ವಿಬೆಕ್ಕಿನಲ್ಲಿ ತಲೆ ಮತ್ತು ಕತ್ತಿನ ಅರ್ಬುದಕ್ಕೆ ಕಿರಣ ಪಡೆಯುತ್ತಿದ್ದ ೫೪೦ ರೋಗಿಗಳ ಪರೀಕ್ಷೆಯೊಂದು ನಡೆಯಿತು. ಅರ್ಧ ಜನಕ್ಕೆ ವಿಟಮಿನ್ 'ಇ', ಆರಂಭದಲ್ಲಿ ಅದರೊಡನೆ ಬೀಟಾ ಕೆರೋಟಿನ್. ಉಳಿದವರಿಗೆ ಅದೇ ರೂಪದ ಸಪ್ಪೆ ಗುಳಿಗೆ. ಎರಡೂ ವಸ್ತುಗಳು ಪುಂಡ ಚೂರುಗಳನ್ನು ಹಿಡಿದು ತಣಿಸುವಂಥವು. ಫಲಿತಾಂಶ ೨೦೦೫ರಲ್ಲಿ ಪ್ರಕಟವಾಯಿತು. ಎರಡನ್ನೂ ಜೊತೆಯಾಗಿ ಪಡೆದವರಲ್ಲಿ ಕಿರಣದ ತೀವ್ರ ಉಪದ್ರವಗಳು ನಿಜವಾಗಿಯೂ ಇಳಿದಿದ್ದುವು. ಆದರೆ ಗಡ್ಡೆ ಅದೇ ಜಾಗದಲ್ಲಿ ಮರುಕಳಿಸಿದ್ದು ಆ ಗುಂಪಿನಲ್ಲಿ ತುಸು ಹೆಚ್ಚಾಗಿ ಕಂಡಿತು. ಮುಂದಿನ ವರ್ಷಗಳ ಲೆಕ್ಕ ಹಿಡಿದಾಗ ವಿಟಮಿನ್ 'ಇ' ಪಡೆದವರಲ್ಲಿ ಸಾವುಗಳೂ ಹೆಚ್ಚಿದ್ದುವು. ಗುರಾಣಿ ಕೆಲಸ ಮಾಡಿತ್ತು, ಆದರೆ ಅದರ ಮರೆಯಲ್ಲಿ ಶತ್ರುವೂ ನಿಂತಿದ್ದಂತೆ ತೋರಿತು. ಕಿರಣ ಚಿಕಿತ್ಸೆಯ ದಿನಗಳಲ್ಲಿ ರೋಗಿ ಸೇವಿಸುವ ಪ್ರತಿಯೊಂದು ಮಾತ್ರೆ, ಪುಡಿ, ಕಷಾಯವನ್ನು ವೈದ್ಯರಿಗೆ ಹೇಳಬೇಕೆಂಬುದು ಈ ಕಾರಣಕ್ಕೆ. ಸಾರಿನಲ್ಲಿ ಬೀಳುವ ಶುಂಠಿಯ ಚೂರಿಗೂ ದೇವರ ತೀರ್ಥದ ದಳಕ್ಕೂ ಯಾರೂ ಹೆದರಬೇಕಾಗಿಲ್ಲ. ಮಾತು, ಮದ್ದೆಂದು ನಂಬಿ ಲೋಟಗಟ್ಟಲೆ ಕುಡಿಸುವ ಕಷಾಯದ್ದು.

ಇತ್ತ ರಸಾಯನದವರು ಗುರಾಣಿ ಹುಡುಕುತ್ತಿರುವಾಗ, ಅತ್ತ ಯಂತ್ರದವರು ಬಾಣದ ಗುರಿಯನ್ನೇ ತಿದ್ದಿದರು. ಕಿರಣವನ್ನು ಹಲವು ದಿಕ್ಕುಗಳಿಂದ, ಹಲವು ಬಲಗಳಲ್ಲಿ ಹಾಯಿಸಿ, ಗಡ್ಡೆಯ ಆಕಾರಕ್ಕೆ ಕತ್ತರಿಸಿದಂತೆ ಬೀಳಿಸುವ ವಿಧಾನ ಬಂತು. ಐ.ಎಂ.ಆರ್.ಟಿ. ಎಂದು ಆಸ್ಪತ್ರೆಯಲ್ಲಿ ಕರೆಯುವುದು ಇದನ್ನೇ. ಕಿವಿಯ ಕೆಳಗಿನ ಗ್ರಂಥಿಯನ್ನು ಹೀಗೆ ಬಳಸಿ ಹೋಗುವ ಕಿರಣವನ್ನು ಹಳೆಯ ರೀತಿಯೊಡನೆ ಹೋಲಿಸಿದ ಬ್ರಿಟನ್ನಿನ ಪರೀಕ್ಷೆ ೨೦೧೧ರಲ್ಲಿ ಪ್ರಕಟವಾಯಿತು. ವರ್ಷ ಕಳೆದ ಮೇಲೆ ಬಾಯಿ ಒಣಗಿ ಸಂಕಟಪಡುತ್ತಿದ್ದವರು ಹಳೆಯ ರೀತಿಯಲ್ಲಿ ನೂರಕ್ಕೆ ೭೪, ಹೊಸ ರೀತಿಯಲ್ಲಿ ೩೮. ಗಡ್ಡೆ ಎಲ್ಲಿದೆ, ಎಷ್ಟು ಹರಡಿದೆ ಎಂಬುದರ ಮೇಲೆ ಇದು ಎಲ್ಲರಿಗೂ ಒದಗದಿರಬಹುದು. ಮೊದಲ ದಿನ ಯಂತ್ರದ ಕೆಳಗೆ ಮಲಗುವ ಮುನ್ನವೇ ಮನೆಯವರು ವೈದ್ಯರನ್ನು ಕೇಳಿ ತಿಳಿಯಬಹುದಾದ ಸಂಗತಿಯಿದು. ಮೂವತ್ತೈದನೆಯ ದಿನ ಕೇಳಿದರೆ ಉತ್ತರವಿದ್ದೂ ಉಪಯೋಗವಿಲ್ಲ. ಆಗ ಉಳಿಯುವುದು ಮಗ್ಗುಲಲ್ಲಿ ಸದಾ ಒಂದು ತಂಬಿಗೆ ನೀರು, ಜೊಲ್ಲಿಲ್ಲದ ಬಾಯಲ್ಲಿ ಬೇಗ ಹುಳುಕುವ ಹಲ್ಲುಗಳ ಆರೈಕೆ, ಮತ್ತು ಸಾರಿನಲ್ಲಿ ಚೆನ್ನಾಗಿ ನೆಂದ ರೊಟ್ಟಿ.